ಬಿಷಪ್ ಗಿಡ್ಡಣ್ಣನ ಉದ್ದನೆಯ ಮನೆ

ಕೋಡಿಹಳ್ಳಿ

ವಿದೇಶಕ್ಕೆ ಹೋಗಿಬಂದವರೆಲ್ಲ ವಿಮಾನದ ಕಿಟಕಿಯಿಂದ ಕಥೆ ಶುರುಮಾಡುತ್ತಾರೆ. ನನ್ನದು ಕೋಡಿಹಳ್ಳಿಯಲ್ಲಿ ನಮ್ಮ ತಮ್ಮ ಶಿವಣ್ಣನ ಹುಳುಮನೆಯಿಂದ ಶುರುವಾಗಬೇಕು, ಏಕೆಂದರೆ ಆ ಫೋನು ಬಂದಾಗ ನಾನು ಅಲ್ಲಿ ನಿಂತಿದ್ದೆ. ರೇಷ್ಮೆಹುಳು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಒಳಗೆ ಯಾರೂ ದನಿ ಎತ್ತುವುದಿಲ್ಲ. ಹಾಗಾಗಿ ನಾನು ಪಿಸುದನಿಯಲ್ಲಿ ಹಲೋ ಅಂದೆ. ಆ ಕಡೆಯಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ, ತಾನು ಗ್ರೇಸ್, ಮಲೇಷ್ಯಾದ ಸರವಾಕಿನಿಂದ ಮಾತಾಡುತ್ತಿದ್ದೇನೆ, ಬಿಷಪ್ ಗಿಡಿಯನ್ ಅವರ ಮಗಳು ಅಂದಳು. ಅಪ್ಪ ತೀರಿಕೊಂಡು ವರ್ಷದ ಮೇಲಾಯಿತು, ಅಮ್ಮನ ಶೋಕ ಮುಗಿಸುವ ಕಾರ್ಯ ಇಟ್ಟುಕೊಂಡಿದ್ದೇವೆ, ಕೋಡಿಹಳ್ಳಿಯ ಅಜ್ಜಿಯ ಮನೆಯಿಂದ ಒಬ್ಬರು ಬರಲೇಬೇಕು ಎಂದು ಕೇಳಿಕೊಂಡಳು.

ಅವಳು ಹೇಳಿದ ಅಜ್ಜಿ ನಮ್ಮವ್ವ, ಚಿಕ್ಕತಾಯಮ್ಮ. ಎಂಬತ್ತು ದಾಟಿದ್ದಾಳೆ. ಕಣ್ಣು ಮಂಜು, ನಾಲಿಗೆ ಮಾತ್ರ ಇನ್ನೂ ಚುರುಕು. ನಾನು ಸುದ್ದಿ ಹೇಳುತ್ತಿದ್ದಾಗ ನಮ್ಮ ನಾದಿನಿ ನಡುವೆ ಬಾಯಿ ಹಾಕಿದಳು.

‘ಪಾದ್ರಿಗೆ ಮಗಳು ಎಲ್ಲಿಂದ ಬಂದ್ಳು?’

‘ಅವ್ರ ಪೈಕೀಲಿ ಮದ್ವೆ ಆಗ್ಬೋದು ಕಣಮ್ಮಿ. ಬಿಷಪ್ಪು ಆದ್ರೂ ಆಗ್ಬೋದು. ಅವ್ನೇ ಯೋಳಿದ್ದ’ ಎಂದು ಅವ್ವ ಅವಳ ಬಾಯಿ ಮುಚ್ಚಿಸಿದಳು. ಅವ್ವ ಹೇಳಿದ್ದು ಸರಿ. ಗಿಡಿಯನ್ ಇದ್ದದ್ದು ಆಂಗ್ಲಿಕನ್ ಸಭೆಯಲ್ಲಿ, ಅಂದರೆ ಇಂಗ್ಲೆಂಡಿನ ಚರ್ಚಿನಿಂದ ಕವಲೊಡೆದ ಸಭೆ. ಅಲ್ಲಿ ಪಾದ್ರಿಗಳಿಗೂ ಬಿಷಪ್ಪರಿಗೂ ಸಂಸಾರ ಇರುತ್ತದೆ.

ನಾನು ಹೈಸ್ಕೂಲಿಗೆ ಹೋಗುವ ಕಾಲಕ್ಕೆ ಅವನು ನಮ್ಮೂರಿಗೆ ಬಂದ. ಬೆಂಗಳೂರಿನ ಪಾದ್ರಿ ಕಾಲೇಜಿನವರು ಓದುವ ಹುಡುಗರನ್ನು ಒಂದು ವರ್ಷ ಹಳ್ಳಿಯಲ್ಲಿ ಬಿಡುತ್ತಿದ್ದರಂತೆ. ಸರವಾಕಿನಿಂದ ಓದಲು ಬಂದಿದ್ದ ಇವನಿಗೆ ಕೋಡಿಹಳ್ಳಿ, ನಮ್ಮ ದನದ ಕೊಟ್ಟಿಗೆಯ ಪಕ್ಕದ ಕೋಣೆ. ಗಿಡಿಯನ್ ಎಂಬ ಹೆಸರು ನಮ್ಮಪ್ಪನ ತಾಯಿ, ನಮ್ಮಜ್ಜಿಯ ಬಾಯಲ್ಲಿ ಗಿಡ್ಡಣ್ಣ ಆಯಿತು. ಆಳೂ ಗಿಡ್ಡಗಿದ್ದುದರಿಂದ ಯಾರೂ ತಿದ್ದಲಿಲ್ಲ. ಮೊದಲ ತಿಂಗಳು ಮುದ್ದೆಯನ್ನು ಅಗಿದು ತಿಂದ. ಊರೇ ಬಂದು ನೋಡಿತು. ಆಮೇಲೆ ನುಂಗಲು ಕಲಿತ, ಹಾಲು ಕರೆಯಲು ಕಲಿತ, ನಮ್ಮ ಕನ್ನಡವನ್ನೂ ಕಲಿತ. ಬಿಷಪ್ಪರನ್ನು ಏಕವಚನದಲ್ಲಿ ಕರೆಯುತ್ತೇನೆಂದು ಯಾರೂ ಬೇಸರಿಸಬಾರದು. ಅಣ್ಣನಿಗೆ ಬಹುವಚನ ಹಚ್ಚಿದರೆ ನನ್ನ ನಾಲಿಗೆ ತೊದಲುತ್ತದೆ.

ಅವನು ಬರುವ ಹಿಂದಿನ ವರ್ಷ ನಮ್ಮಪ್ಪ ಹೋಗಿದ್ದ. ಅವ್ವನಿಗೆ ಆಗ ಮೂವತ್ತು ಚಿಲ್ಲರೆ. ನಮ್ಮ ಕಡೆ ಯಾರಾದರೂ ಮನೆಯಿಂದ ಹೊರಟಾಗ ಗಂಡ ಸತ್ತವಳು ಎದುರು ಬರಬಾರದು. ಇದನ್ನು ಯಾರೂ ಕಲಿಸುವುದಿಲ್ಲ. ಹೆಂಗಸರು ತಾವೇ ಸರಿದುಬಿಡುತ್ತಾರೆ. ಗಿಡ್ಡಣ್ಣ ಕನಕಪುರದ ಬಸ್ಸಿಗೆ ಹೊರಟನೆಂದರೆ ಅವ್ವ ಕೊಟ್ಟಿಗೆಯ ಕತ್ತಲೆಗೆ ಹೋಗಿ ನಿಲ್ಲುತ್ತಿದ್ದಳು. ಅವನು ಹೇಳದೆ ಹೋಗುವವನಲ್ಲ, ಅಮ್ಮ ಎಲ್ಲಿ ಎಂದು ಹುಡುಕುತ್ತಿದ್ದ. ಒಂದು ದಿನ ಅಜ್ಜಿಯೇ ಬಿಡಿಸಿ ಹೇಳಿದಳು. ಗಿಡ್ಡಣ್ಣ ಪೂರ್ತಿ ಕೇಳಿಸಿಕೊಂಡ. ಮರುದಿನ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತ, ‘ಅಮ್ಮ, ಎದ್ರಿಗೆ ಬಾ, ಬತ್ತೀನಿ’ ಅಂದ. ಅವ್ವ ಬರಲಿಲ್ಲ. ಬಸ್ಸು ಹಾರನ್ ಹೊಡೆದು ಹೊರಟುಹೋಯಿತು. ಇವನು ನಿಂತೇ ಇದ್ದ. ಕೊನೆಗೆ ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಎದುರಿಗೆ ಬಂದಳು. ಅಂದಿನಿಂದ ಅವನು ಇದ್ದಷ್ಟು ದಿನವೂ ಹಾಗೆಯೇ ನಡೆಯಿತು.

ಅಜ್ಜಿ ಏನಾದರೂ ಆಗಲೆಂದು ಕಾಯುತ್ತಿದ್ದಳು. ಆಯಿತು ಕೂಡ. ಸಾತನೂರಿನಲ್ಲಿ ಬಸ್ಸಿಳಿಯುವಾಗ ಕಾಲು ಜಾರಿ ಬಿದ್ದ, ಪಾದ ಬುರುಬುರು ಊದಿಕೊಂಡಿತು. ಮನೆಗೆ ಬಂದವನು, ಬೆಳಿಗ್ಗೆ ಹೊರಡುವ ಮೊದಲೇ ಕೊಟ್ಟಿಗೆಯಲ್ಲಿ ಹಸು ತುಳಿದಿತ್ತು ಅಂದ. ಅದೇ ಬಸ್ಸಿನಲ್ಲಿದ್ದ ನಾನು ಸುಮ್ಮನಿದ್ದೆ. ಅವನು ಹೇಳಿದ ಸುಳ್ಳು ನಾನು ಬಲ್ಲಂತೆ ಅದೊಂದೇ ಎಂದು ಮೊನ್ನೆಮೊನ್ನೆಯವರೆಗೂ ಅಂದುಕೊಂಡಿದ್ದೆ.

ನಾನು ಈಗ ಕನಕಪುರದಲ್ಲಿ ಕನ್ನಡ ಮೇಡಂ ಆಗಿ ರಿಟೈರ್ ಆದವಳು. ನಮ್ಮ ಮನೆಯವರು ಹೋಗಿ ಹಲವು ವರ್ಷವಾಯಿತು. ಕಾಲ ಬದಲಾಗಿದೆ, ಯಾರೂ ನನ್ನ ಬಳೆ ಒಡೆಯಲಿಲ್ಲ. ಆದರೆ ರಾಮನಗರದ ಕಲ್ಯಾಣ ಮಂಟಪದಲ್ಲಿ ನನ್ನ ಸ್ವಂತ ಮಗಳ ಮದುವೆಯಲ್ಲಿ ಹೂವು, ಕುಂಕುಮದ ತಟ್ಟೆ ನನ್ನ ಬಳಿ ಬಂದಾಗ ಹಿಡಿದವಳು ಬಲು ನಯವಾಗಿ ಪಕ್ಕದವರಿಗೆ ದಾಟಿಸಿದಳು. ನಾನೂ ಬಲು ನಯವಾಗಿ ನಕ್ಕೆ.

ಅವ್ವನಿಗೆ ವಿಮಾನ ಹತ್ತುವ ಶಕ್ತಿ ಇರಲಿಲ್ಲ. ‘ನೀನ್ ಹೋಗ್ಬಾ ಕಣವ್ವ. ನನ್ ಮಗಂದು ಕಾರ್ಯ ಅದು’ ಅಂದಳು. ನಮ್ಮಲ್ಲಿ ವರ್ಷದ ತಿಥಿಗೆ ಹೋಗಿ ಉಂಡು ಬರುವ ಹಾಗೆ ಎಂದುಕೊಂಡು ನಾನು ಒಪ್ಪಿದೆ.

ಕುಚಿಂಗ್

ಕುಚಿಂಗ್ ಸರವಾಕಿನ ದೊಡ್ಡ ಊರು. ಅಲ್ಲಿ ಇಳಿದ ಕೂಡಲೇ ನನ್ನ ರಾಗಿ ಹಿಟ್ಟಿನ ಚೀಲ ಸಿಕ್ಕಿಬಿತ್ತು. ತಪಾಸಣೆಯ ಅಧಿಕಾರಿ ಚೀಲ ಬಿಚ್ಚಿಸಿ, ಈ ಬೂದು ಪುಡಿ ಏನು ಎಂದು ಕೇಳಿದ. ಆಹಾರ ಅಂದೆ. ಹೇಗೆ ತಿನ್ನುತ್ತೀರಿ ಅಂದ. ಮುದ್ದೆ ಮಾಡಿ ನುಂಗುತ್ತೇವೆ, ಅಗಿಯುವುದಿಲ್ಲ ಅಂದೆ. ನನ್ನ ಉತ್ತರದಿಂದ ಅನುಮಾನ ಜಾಸ್ತಿಯೇ ಆಯಿತು. ಅವನು ಬಗ್ಗಿ ಮೂಸಿದ, ಹಿಟ್ಟು ಮೂಗಿಗೆ ಹೋಗಿ ಎರಡು ಸಲ ಸೀನಿದ, ಜೊತೆಯವನು ನಕ್ಕ, ನನ್ನನ್ನು ಬಿಟ್ಟರು. ಚನ್ನಪಟ್ಟಣದ ಬೊಂಬೆಗಳ ಪೆಟ್ಟಿಗೆಯನ್ನು ಯಾರೂ ಬಿಚ್ಚಲಿಲ್ಲ.

ಗ್ರೇಸ್ ಹೊರಗೆ ಕಾಯುತ್ತಿದ್ದಳು. ನಲವತ್ತರ ಹತ್ತಿರದ ಹೆಂಗಸು, ಆಸ್ಪತ್ರೆಯಲ್ಲಿ ನರ್ಸು, ಅಪ್ಪನ ಹಾಗೆಯೇ ಗಿಡ್ಡ. ನನ್ನನ್ನು ನೋಡಿದವಳೇ ‘ಉಂಡ್ಯಾ?’ ಅಂದಳು. ಪರದೇಶದ ವಿಮಾನ ನಿಲ್ದಾಣದಲ್ಲಿ ನಮ್ಮೂರ ಮಾತು ಕಿವಿಗೆ ಬಿದ್ದದ್ದೇ ನಾನು ಕನ್ನಡದಲ್ಲೇ ಒಂದಷ್ಟು ಮಾತಾಡಿಬಿಟ್ಟೆ. ಅವಳಿಗೆ ಬರುವ ಕನ್ನಡ ಅಷ್ಟೇ: ಉಂಡ್ಯಾ, ಒಸಿ, ಬತ್ತೀನಿ. ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ ನಡೆಯಿತು.

ಅವಳು ನನ್ನನ್ನು ಮೊದಲು ಕರೆದೊಯ್ದದ್ದು ಅಪ್ಪ ಬಿಷಪ್ ಪಟ್ಟಕ್ಕೆ ಬಂದ ಚರ್ಚಿಗೆ. ಒಳಗೆ ಒಂದು ಗೋಡೆಯಲ್ಲಿ ಹಿಂದಿನ ಬಿಷಪ್ಪರ ಪಟಗಳು ಸಾಲಾಗಿ ತೂಗುತ್ತಿದ್ದವು. ಮೊದಮೊದಲು ಗಡ್ಡದ ಇಂಗ್ಲಿಷರು, ಆಮೇಲೆ ಆ ನಾಡಿನವರು. ಗಿಡ್ಡಣ್ಣನ ಪಟದಲ್ಲಿ ಅವನಿಗಿಂತ ಅವನ ಕೈಯಲ್ಲಿದ್ದ ಬಾಗಿದ ತಲೆಯ ಕೋಲೇ ಎತ್ತರ. ಮೈಮೇಲೆ ನೇರಳೆ ಅಂಗಿ, ಎದೆಯ ಮೇಲೆ ಶಿಲುಬೆ. ಮುಖ ಮಾತ್ರ ಹಾಲು ಕರೆಯಲು ಕೂತು ಹಸುವಿನಿಂದ ಒದೆಸಿಕೊಂಡಾಗ ಇದ್ದ ಅದೇ ಮುಖ.

ಹೊಸ ಬಿಷಪ್ ಪಟ್ಟಕ್ಕೆ ಬರುವ ದಿನ ಚರ್ಚಿನ ಬಾಗಿಲು ಹಾಕಿರುತ್ತಾರಂತೆ. ಅವನು ಹೊರಗೆ ನಿಂತು ಕೋಲಿನಿಂದ ಮೂರು ಸಲ ಬಾಗಿಲು ಬಡಿಯಬೇಕು, ಆಗ ಒಳಗಿನವರು ತೆಗೆಯುತ್ತಾರೆ. ನಮ್ಮಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ಹೆಸರು ಹೇಳಿಸಿದ ಹಾಗೆ. ‘ಅಪ್ಪ ಎಷ್ಟು ಮೆಲ್ಲಗೆ ತಟ್ಟಿದರೆಂದರೆ ಒಳಗೆ ಯಾರಿಗೂ ಕೇಳಿಸಲಿಲ್ಲ. ಹೊರಗೆ ಬಿಸಿಲಲ್ಲಿ ನಿಂತರು, ಒಳಗೆ ಸಾವಿರ ಜನ ಕಾಯುತ್ತ ಕೂತರು. ಕೊನೆಗೆ ಬಾಗಿಲು ಕಾಯುವವರೇ ಸಂದಿಯಲ್ಲಿ ಇಣುಕಿ ನೋಡಿ ತೆಗೆದರು’ ಎಂದು ಗ್ರೇಸ್ ಹೇಳಿದಳು. ಕೋಡಿಹಳ್ಳಿಯಲ್ಲೂ ಅವನು ಬಾಗಿಲು ಬಡಿಯುತ್ತಿರಲಿಲ್ಲ, ಹೊರಗೆ ನಿಂತು ಕೆಮ್ಮುತ್ತಿದ್ದ ಎಂದು ನಾನು ಹೇಳಿದೆ.

ನದಿಯ ದಾರಿ

ಮುಂದಿನ ಹಾದಿ ಕಾರಿನಲ್ಲಿ, ಆಮೇಲೆ ದೋಣಿಯಲ್ಲಿ. ಹಳ್ಳಿಯವರೆಗೂ ರಸ್ತೆ ಇದೆ, ಆದರೆ ಮಳೆಗೆ ಕೊಚ್ಚಿಹೋಗಿತ್ತು. ದೋಣಿ ಉದ್ದ, ಅಗಲ ಮಾತ್ರ ನನ್ನ ಸೊಂಟದಷ್ಟು. ನದಿಯ ನೀರು ಚಹಾದ ಬಣ್ಣ. ಕಾವೇರಿಯನ್ನು ಸಂಗಮದಲ್ಲಿ ನೋಡಿದವಳು ನಾನು, ನೀರಿಗೆ ಹೆದರುವುದಿಲ್ಲ ಎಂದು ಗ್ರೇಸ್‌ಗೆ ಹೇಳಿದ ಮರುಕ್ಷಣ ದೋಣಿ ಒಂದು ದಿಮ್ಮಿಗೆ ತಾಗಿತು. ನಾನು ಚೀರಿದ್ದು ಎರಡೂ ದಡಕ್ಕೆ ಕೇಳಿಸಿರಬೇಕು.

ಗಿಡ್ಡಣ್ಣನ ಕಸುಬೆಲ್ಲ ಈ ನದಿಯ ಮೇಲೆಯೇ ನಡೆದದ್ದು. ಬೆಂಗಳೂರಿನಿಂದ ಹಿಂತಿರುಗಿ ಪಾದ್ರಿಯಾದವನಿಗೆ ಈ ನೀರಿನ ಎರಡೂ ಬದಿಯ ಹಳ್ಳಿಗಳನ್ನು ಕೊಟ್ಟರು. ಅವನೂ ಈ ನದಿಯ ದಡದಲ್ಲಿ ಬಾಳುವ ಇಬಾನ್ ಎಂಬ ಜನರವನೇ, ಮೆಣಸು ಬೆಳೆಯುವವರ ಮಗ. ಒಂದು ಹಳ್ಳಿಯಲ್ಲಿ ಪ್ರಾರ್ಥನೆ ಮಾಡಿ, ಚಾಪೆಯ ಮೇಲೆ ಮಲಗಿ, ಬೆಳಿಗ್ಗೆ ಮುಂದಿನ ಹಳ್ಳಿಗೆ ದೋಣಿ ಹತ್ತುತ್ತಿದ್ದ. ಮಗುವಿಗೆ ಹೆಸರಿಡಲು ಅವನೇ ಬೇಕು, ಮದುವೆಗೆ ಅವನೇ, ಮಣ್ಣಿಗೂ ಅವನೇ. ಮಲೇರಿಯಾ ಬಂದು ಎರಡು ಸಲ ಸಾಯುವ ಹಾಗಾಯಿತು. ಬಿಷಪ್ ಆದ ಮೇಲೆ ಪಟ್ಟಣದಲ್ಲಿ ಕೂರಬಹುದಿತ್ತು, ಕೂರಲಿಲ್ಲ. ಕೋಲನ್ನು ಮೂರು ತುಂಡಾಗಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ದೋಣಿ ಹತ್ತುತ್ತಿದ್ದನಂತೆ. ರಿಟೈರಾದ ದಿನ ಆ ಕೋಲನ್ನು ಚರ್ಚಿನ ಪೀಠದ ಮೇಲೆ ಮಲಗಿಸಿ, ಬರಿಗೈಯಲ್ಲಿ ಊರಿಗೆ ಬಂದು ಮೆಣಸಿನ ಬಳ್ಳಿ ನೆಟ್ಟ.

ದೋಣಿಯಲ್ಲೇ ಗ್ರೇಸ್ ನನಗೆ ಉಲಿತ್ ಅಂದರೇನು ಎಂದು ಹೇಳಿದಳು. ಇಬಾನರಲ್ಲಿ ಗಂಡ ಸತ್ತಾಗ ಹೆಂಡತಿಯ ಒಡವೆ, ಬಣ್ಣದ ಬಟ್ಟೆ, ಸತ್ತವನ ಕೆಲವು ವಸ್ತು ಇವನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು ಹಗ್ಗ ಬಿಗಿದು ಕಟ್ಟಿಬಿಡುತ್ತಾರೆ. ಆ ಕಟ್ಟೇ ಉಲಿತ್. ಅದು ಇರುವವರೆಗೆ ಹೆಂಡತಿ ಸಿಂಗಾರ ಮಾಡಿಕೊಳ್ಳುವುದಿಲ್ಲ, ಇಷ್ಟದ್ದು ಉಣ್ಣುವುದಿಲ್ಲ, ಮನೆಯಲ್ಲಿ ಜಾಗಟೆ ಬಾರಿಸುವುದಿಲ್ಲ. ಆಮೇಲೆ ಒಂದು ದಿನ ಯೋಗ್ಯರಾದ ಯಾರಾದರೂ ಬಂದು ಹಗ್ಗ ಕತ್ತರಿಸುತ್ತಾರೆ. ಕತ್ತರಿಸಿದರೆ ಶೋಕ ಮುಗಿಯಿತು, ಹೆಂಡತಿ ಮತ್ತೆ ಎಲ್ಲರ ಹಾಗೆ ಬದುಕಬಹುದು, ಮನಸ್ಸಿದ್ದರೆ ಮದುವೆಯನ್ನೂ ಆಗಬಹುದು. ಹಿಂದಿನ ಕಾಲದಲ್ಲಿ ದೂರದ ದಂಡಯಾತ್ರೆಯಿಂದ ಗೆದ್ದು ಬಂದ ವೀರನೇ ಕತ್ತರಿಸಬೇಕಿತ್ತು. ಕ್ರೈಸ್ತರಾದ ಮೇಲೆ ಈ ನದಿಯಲ್ಲಿ ಆ ಕೆಲಸ ಗಿಡ್ಡಣ್ಣನ ಪಾಲಿಗೆ ಬಂತು. ಇದು ಹಳೆಯ ನಂಬಿಕೆ, ಚರ್ಚಿನವನು ಕೈ ಹಾಕಬಾರದು ಎಂದು ಕೆಲವು ಪಾದ್ರಿಗಳು ತಕರಾರು ಮಾಡಿದರು. ಹೆಂಗಸರು ಕಾದು ಕೂತಿದ್ದಾರೆ, ನಿಮ್ಮ ವಾದ ಮುಗಿದ ಮೇಲೆ ಹೇಳಿ ಎಂದು ಅವನು ದೋಣಿ ಹತ್ತಿದ.

‘ಈಗ ಅವರದೇ ಉಲಿತ್ ಉಳಿದುಬಿಟ್ಟಿದೆ. ಬಿಷಪ್ಪರದ್ದು ಕತ್ತರಿಸುವಷ್ಟು ದೊಡ್ಡವರು ನಾವಲ್ಲ ಅಂತ ಎಲ್ಲರೂ ಹಿಂದೆ ಸರಿಯುತ್ತಾರೆ. ಹೊಸ ಬಿಷಪ್ ಒಪ್ಪಿದರು, ಅಮ್ಮನೇ ಒಪ್ಪಲಿಲ್ಲ’ ಅಂದಳು ಗ್ರೇಸ್. ಯಾರು ಕತ್ತರಿಸುತ್ತಾರೆ ಎಂದು ಕೇಳಬೇಕೆನ್ನುವಷ್ಟರಲ್ಲಿ ದೋಣಿ ದಡಕ್ಕೆ ತಾಗಿತು.

ಉದ್ದನೆಯ ಮನೆ

ಇಬಾನರಲ್ಲಿ ಊರೆಂದರೆ ಒಂದೇ ಮನೆ. ಸಂಸಾರಗಳು ಸಾಲಾಗಿ, ಒಂದೊಂದಕ್ಕೆ ಒಂದೊಂದು ಬಾಗಿಲು, ಎಲ್ಲ ಬಾಗಿಲುಗಳ ಮುಂದೆ ಈ ತುದಿಯಿಂದ ಆ ತುದಿಗೆ ಒಂದೇ ಪಡಸಾಲೆ. ನಮ್ಮ ಕೋಡಿಹಳ್ಳಿಯ ಬೀದಿಗೆ ಮಾಡು ಹಾಕಿದರೆ ಹಾಗಿರುತ್ತದೆ. ಇಲ್ಲಿ ಜಗಳವಾಡಿದವರು ಬಾಗಿಲು ಹಾಕಿಕೊಂಡರೂ ಪಡಸಾಲೆಗೆ ಬಂದಾಗ ಅದೇ ಮುಖ ನೋಡಬೇಕು. ಚಾಪೆಗಳ ಮೇಲೆ ಮೆಣಸು ಒಣಗುತ್ತಿತ್ತು. ಅಷ್ಟು ಜನ ಕೂತಿದ್ದರೂ ಸದ್ದಿರಲಿಲ್ಲ. ಟೀವಿ ಓಡುತ್ತಿತ್ತು, ದನಿ ಇಲ್ಲ. ಜಾಗಟೆಗಳು ಗೋಡೆಗೆ ಮುಖ ಮಾಡಿಕೊಂಡು ನಿಂತಿದ್ದವು. ಆ ಮನೆಯ ಒಂದು ಹುಡುಗಿಯ ಮದುವೆ ಇದಕ್ಕಾಗಿಯೇ ನಿಂತಿದೆಯೆಂದು ಗ್ರೇಸ್ ಕಿವಿಯಲ್ಲಿ ಹೇಳಿದಳು.

ಗಿಡ್ಡಣ್ಣನ ಹೆಂಡತಿ ಆಗ್ನೆಸ್ ಒಂದು ಕಂಬಕ್ಕೆ ಒರಗಿ ಕೂತಿದ್ದರು. ಮಾಸಿದ ಕಪ್ಪು ಬಟ್ಟೆ, ಬರಿ ಕೈ, ಬರಿ ಕಿವಿ. ನನ್ನ ಎರಡೂ ಕೈ ಹಿಡಿದುಕೊಂಡು ಮೂಸಿ ನೋಡಿದರು, ಅವರಲ್ಲಿ ಅಕ್ಕರೆ ತೋರಿಸುವುದು ಹಾಗೆ. ಅವರು ಮಾತಾಡುವುದು ಇಬಾನ್, ನಮ್ಮಿಬ್ಬರ ನಡುವೆ ಗ್ರೇಸ್. ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ಗಂಡ ದೋಣಿಯಲ್ಲಿ ಕೂತು ಹೇಳುತ್ತಿದ್ದ ಕೋಡಿಹಳ್ಳಿಯ ಕಥೆಗಳೆಲ್ಲ ಅವರಿಗೆ ಬಾಯಿಪಾಠ. ನಾನು ತಂದ ಹಿಟ್ಟಿನಿಂದ ಮುದ್ದೆ ತಿರುವಿ ಕೊಟ್ಟೆ. ಊರಿನವರೆಲ್ಲ ಅಗಿದು ತಿಂದರು. ಆಗ್ನೆಸ್ ಒಬ್ಬರೇ ನುಂಗಿದರು. ಅದೂ ಒಂದೇ ತುತ್ತು, ಸಾಕು ಎಂದು ಕೈ ತೊಳೆದರು. ವರ್ಷವಿಡೀ ಹೀಗೆಯೇ, ಬರಿ ಗಂಜಿ, ಒಂದೊಂದು ಹೊತ್ತು ಅದೂ ಇಲ್ಲ, ನರ್ಸಾದ ನನ್ನ ಕಣ್ಣೆದುರೇ ಅಮ್ಮ ಕರಗುತ್ತಿದ್ದಾಳೆ ಎಂದು ಗ್ರೇಸ್ ನನ್ನ ಹತ್ತಿರ ಅತ್ತಳು.

ಆಮೇಲೆ ಮನೆಯ ಯಜಮಾನರು ಬಂದು ನನ್ನ ಮುಂದೆ ಕೂತರು. ಹಚ್ಚೆಯ ಕೈಗಳ ಮುದುಕ. ನಾಳೆ ಮಧ್ಯಾಹ್ನ ಕಾರ್ಯ, ಎಲ್ಲ ಸಿದ್ಧವಾಗಿದೆ, ಹಗ್ಗ ಕತ್ತರಿಸುವವರು ನೀವೇ ಅಂದರು. ದೂರದಿಂದ ಬಂದವರು ಬೇಕು, ಗಿಡಿಯನ್‌ಗಿಂತ ಸಣ್ಣವರಲ್ಲದವರು ಬೇಕು. ಅವನ ತಾಯಿಯ ಮನೆಯವರು ನೀವು, ನಿಮಗಿಂತ ದೊಡ್ಡವರು ಯಾರು ಅಂದರು.

ಉಣ್ಣಲು ಬಂದವಳು ನಾನು.

ಬೆಳಿಗ್ಗೆ ಮನೆಗೆ ಫೋನು ಮಾಡಿದೆ. ಶಿವಣ್ಣ ಎಲ್ಲ ಕೇಳಿಸಿಕೊಂಡು ಗಾಬರಿಯಾದ.

‘ಅಕ್ಕ, ನೀನ್ ಕೈ ಹಾಕ್ಬ್ಯಾಡ ಕಣಕ್ಕ. ನಮ್ಗೆ ಯಾಕೆ ಇಲ್ದಿದ್ದು? ನಾಳೆ ಆ ಮನೇಲಿ ಏನಾರ ಹೆಚ್ಚುಕಮ್ಮಿ ಆದ್ರೆ, ಮುಂಡೆ ಕೈಲಿ ಮಾಡಿಸ್ಬುಟ್ವಿ ಅಂತ ಅವ್ರೇ ಅಂದಾರು.’ ಅಂದವನು ತಾನೇ ನಾಲಿಗೆ ಕಚ್ಚಿಕೊಂಡ. ‘ಜನ ಅನ್ನೋದು ಯೋಳ್ದೆ ಕಣಕ್ಕ. ನಾನ್ ಅನ್ನಾಕಿಲ್ಲ.’

‘ಗೊತ್ತು ಬುಡು’ ಅಂದೆ. ಅವನು ಕೆಟ್ಟವನಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದನ್ನೇ ಅವನು ಬಾಯಿಬಿಟ್ಟು ಹೇಳಿದ್ದ. ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿ, ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸಿ, ಕೆಂಪು ಪೆನ್ನಿನಲ್ಲಿ ತಿದ್ದಿದವಳು ನಾನು. ಆದರೂ ಆ ಹಗ್ಗಕ್ಕೆ ನನ್ನ ಕೈ ತಾಗಿದರೆ ಆಗ್ನೆಸ್‌ಗೆ ಕೇಡಾಗುತ್ತದೆ ಎಂದು ನಾನೂ ಹೆದರಿದ್ದೆ.

ಅವ್ವ ಫೋನು ಕಿ‌ತ್ತುಕೊಂಡಳು. ಅವಳು ಹಗ್ಗದ ವಿಷಯ ಎತ್ತಲೇ ಇಲ್ಲ. ‘ಆಯಮ್ಮ ಉಂಡ್ಳಾ?’ ಅಂದಳು.

‘ಒಂದು ತುತ್ತು ಕಣವ್ವ.’

‘ಒಂದೇಯಾ’ ಎಂದು ಅವ್ವ ಫೋನನ್ನು ಶಿವಣ್ಣನ ಕೈಗೆ ಕೊಟ್ಟಳು.

ಕಾರ್ಯದ ದಿನ

ನಿಜ ಹೇಳಿಬಿಡುವುದೇ ಸರಿ ಎಂದು ನಿರ್ಧರಿಸಿದೆ. ನನ್ನ ಬದಲು ಇನ್ನೊಬ್ಬರನ್ನು ಹುಡುಕಲು ಅವರಿಗೂ ಹೊತ್ತಿರಲಿ ಎಂದು ಬೆಳಗಿನ ಗಂಜಿಯ ಹೊತ್ತಿಗೇ ಆಗ್ನೆಸ್, ಯಜಮಾನರು ಇಬ್ಬರನ್ನೂ ಕೂರಿಸಿಕೊಂಡೆ. ಗ್ರೇಸ್‌ಗೆ, ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳು ಅಂದೆ. ‘ನನಗೆ ಗಂಡ ಇಲ್ಲ. ತೀರಿಕೊಂಡು ಬಹಳ ವರ್ಷವಾಯಿತು. ಆದ್ದರಿಂದ...’

ಆದ್ದರಿಂದ ಎಂಬುದನ್ನು ಗ್ರೇಸ್ ಹೇಳುವ ಮೊದಲೇ ಯಜಮಾನರು ತೊಡೆ ತಟ್ಟಿಕೊಂಡು ನಕ್ಕರು. ಪಕ್ಕದ ಬಾಗಿಲಿನವರನ್ನು ಕೂಗಿ ಏನೋ ಹೇಳಿದರು. ಅವರು ಅದರ ಪಕ್ಕದ ಬಾಗಿಲಿಗೆ ಹೇಳಿದರು. ಪಡಸಾಲೆಯ ಉದ್ದಕ್ಕೂ ಮಾತು ಹರಿದುಹೋಯಿತು, ಮುಖಗಳು ಅರಳಿದವು. ನನಗೆ ಏನೂ ತಿಳಿಯಲಿಲ್ಲ.

‘ಎಲ್ಲರಿಗೂ ಖುಷಿಯಾಗಿದೆ. ಇಷ್ಟು ಶುಭ ಆಗುತ್ತದೆಂದು ಅಂದುಕೊಂಡೇ ಇರಲಿಲ್ಲವಂತೆ’ ಅಂದಳು ಗ್ರೇಸ್.

‘ಯಾವುದು ಶುಭ?’

‘ನೀವು ವಿಧವೆ ಎನ್ನುವುದು. ನಿಮ್ಮ ದೇಶದಲ್ಲಿ ಹೊರಟವರಿಗೆ ವಿಧವೆ ಎದುರು ಬಂದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲವಂತಲ್ಲ. ಅಪ್ಪ ಹೇಳಿದ್ದರು.’

ಉಳಿದದ್ದನ್ನು ಆಗ್ನೆಸ್ ಹೇಳಿದರು. ಗಿಡ್ಡಣ್ಣ ಯಾವ ಊರಿನಿಂದ ದೋಣಿ ಬಿಡುವಾಗಲೂ ಆ ಊರಿನ ವಿಧವೆಯನ್ನು ಕರೆಸುತ್ತಿದ್ದ. ಅವಳು ಎದುರಿಗೆ ಬಂದು ದೋಣಿಯನ್ನು ನೀರಿಗೆ ದೂಡಬೇಕು, ಆಮೇಲೇ ಹೊರಡುವುದು. ಬಿಷಪ್ ಆದ ಮೇಲೂ ಅಷ್ಟೇ. ಇದೇನು ಎಂದು ಕೇಳಿದರೆ, ಕೋಡಿಹಳ್ಳಿಯ ಪದ್ಧತಿ, ಅಲ್ಲಿ ನನ್ನ ತಾಯಿ ಎದುರು ಬರದೆ ನಾನು ಬಸ್ಸು ಹತ್ತುತ್ತಿರಲಿಲ್ಲ, ಒಂದು ದಿನವೂ ನನಗೆ ಏನೂ ಆಗಲಿಲ್ಲ ಎನ್ನುತ್ತಿದ್ದ. ಈಗ ಆ ನದಿಯ ಮೇಲೆ ಯಾರ ಮಗ ಪರೀಕ್ಷೆಗೆ ಹೊರಟರೂ, ಯಾರ ಮೆಣಸು ಮಾರುಕಟ್ಟೆಗೆ ಹೊರಟರೂ ದೋಣಿ ದೂಡಲು ಮೊದಲು ವಿಧವೆಯರನ್ನು ಕರೆಯುತ್ತಾರೆ. ಹೆಂಗಸರು ಅದಕ್ಕಾಗಿಯೇ ಒಳ್ಳೆಯ ಬಟ್ಟೆ ಉಟ್ಟು ಬರುತ್ತಾರಂತೆ.

ನನಗೆ ಮೊದಲು ಬಂದದ್ದು ಸಿಟ್ಟು. ನಮ್ಮೂರಲ್ಲಿ ಏನು ನಡೆಯುತ್ತಿತ್ತು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಜ್ಜಿ ಅವನೆದುರೇ ಬಿಡಿಸಿ ಹೇಳಿದ್ದಳು. ನಮ್ಮವ್ವ ಕೊಟ್ಟಿಗೆಯ ಕತ್ತಲಲ್ಲಿ ನಿಂತದ್ದನ್ನು ಕಣ್ಣಾರೆ ಕಂಡವನು, ಸಮುದ್ರ ದಾಟಿ ಬಂದು, ಕೊರಳಲ್ಲಿ ಶಿಲುಬೆ ಹಾಕಿಕೊಂಡು, ಒಂದು ನದಿಯ ಜನಕ್ಕೆಲ್ಲ ಸುಳ್ಳು ಹೇಳಿದ್ದ. ಇವರ ಕಣ್ಣಲ್ಲಿ ಕೋಡಿಹಳ್ಳಿ ವಿಧವೆಯರನ್ನು ಹೊತ್ತು ಮೆರೆಸುವ ಊರು. ಅಂಥ ಊರು ಇಲ್ಲ, ನನ್ನ ಮಗಳ ಮದುವೆಯಲ್ಲಿ ತಟ್ಟೆ ಹೇಗೆ ದಾಟಿತು ಗೊತ್ತಾ ಎಂದು ಕೂಗಿ ಹೇಳಬೇಕೆನಿಸಿತು.

‘ಆದ್ದರಿಂದ ಅಂದಿರಲ್ಲ, ಮುಂದೆ ಏನು ಹೇಳಲಿ?’ ಎಂದು ಗ್ರೇಸ್ ಕೇಳಿದಳು. ಆಗ್ನೆಸ್ ನನ್ನನ್ನೇ ನೋಡುತ್ತಿದ್ದರು. ವರ್ಷವಿಡೀ ಸರಿಯಾಗಿ ಉಣ್ಣದ ಮುಖ. ಆ ಮುಖದಲ್ಲಿ ಅನುಮಾನವೇ ಇರಲಿಲ್ಲ.

‘ಆದ್ದರಿಂದ ನಾನೇ ಕತ್ತರಿಸುತ್ತೇನೆ ಅನ್ನು’ ಅಂದೆ. ಅದು ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಧ್ಯಾಹ್ನ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಬಿಳಿ ನಿಲುವಂಗಿಯ ಪಾದ್ರಿಯೊಬ್ಬರು ಪ್ರಾರ್ಥನೆ ಓದಿದರು. ಪೆಟ್ಟಿಗೆ ತಂದಿಟ್ಟರು, ಹಳೆಯ ಮರದ ಪೆಟ್ಟಿಗೆ, ಸುತ್ತ ಕಪ್ಪು ಬಟ್ಟೆ, ಅದರ ಮೇಲೆ ಹಗ್ಗ. ಯಜಮಾನರು ನನ್ನ ಕೈಗೆ ಮಚ್ಚು ಕೊಟ್ಟರು. ನಮ್ಮಲ್ಲಿ ಹಿಪ್ಪುನೇರಳೆ ಕಡ್ಡಿ ಕೊಯ್ಯುವುದಕ್ಕಿಂತ ಒಂದು ಮೊಳ ಉದ್ದದ್ದು. ಮೊದಲ ಸಲ ಮಚ್ಚು ಜಾರಿತು, ಹಗ್ಗ ಹಾಗೇ ಇತ್ತು. ಆಗ್ನೆಸ್ ಮುಂದೆ ಬಂದು ತಮ್ಮ ಕೈಯಿಂದ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿದರು. ಎರಡನೇ ಸಲ ಅದು ತುಂಡಾಯಿತು.

ಜಾಗಟೆಗಳು ಒಟ್ಟಿಗೇ ಹೊಡೆದವು. ವರ್ಷದ ಮೇಲೆ ಎದ್ದ ಸದ್ದಿಗೆ ನಾಯಿಗಳು ಓಡಿದವು, ಮಕ್ಕಳು ಕಿವಿ ಮುಚ್ಚಿಕೊಂಡರು, ಟೀವಿಗೂ ದನಿ ಬಂತು. ಪೆಟ್ಟಿಗೆಯಿಂದ ಗಿಡ್ಡಣ್ಣನ ನೇರಳೆ ಅಂಗಿ ಬಂತು, ಅವನ ಕನ್ನಡಕ ಬಂತು. ಆಗ್ನೆಸ್ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಸಲ ಗಟ್ಟಿಯಾಗಿ ಅತ್ತರು. ನಾನೂ ಅತ್ತೆ. ಆಮೇಲೆ ಅವರು ಒಳಗೆ ಹೋಗಿ ಕೆಂಪು ಬಟ್ಟೆ ಉಟ್ಟು, ಕಿವಿಗೆ ಓಲೆ ಇಟ್ಟು ಹೊರಬಂದರು. ಗ್ರೇಸ್ ಸುಟ್ಟ ಮೀನನ್ನು ತಂದು ಮುಂದಿಟ್ಟಳು. ಆಗ್ನೆಸ್ ಮುಳ್ಳು ಬಿಡಿಸಿ ಬಿಡಿಸಿ, ತಲೆ ಎತ್ತದೆ ತಿಂದರು. ನಾವೆಲ್ಲ ನೋಡುತ್ತ ಕೂತೆವು.

ಕೈ ತೊಳೆದು ಬಂದವರು ನನ್ನ ಪಕ್ಕ ಕೂತು ಕೇಳಿದರು. ‘ನಿನ್ನದನ್ನು ಯಾರು ಕತ್ತರಿಸಿದರು?’

ಗ್ರೇಸ್ ಅದನ್ನು ಇಂಗ್ಲಿಷಿಗೆ ತಂದಳು. ಇವರು ಸಾವಿನ ದಿನ ಕಟ್ಟಿ, ಆಮೇಲೆ ಒಂದು ದಿನ ಕತ್ತರಿಸುತ್ತಾರೆ. ನಮ್ಮಲ್ಲಿ ತಾಳಿ ತೆಗೆಯುವುದು ಮೊದಲ ದಿನವೇ ಆಗಿಹೋಗುತ್ತದೆ, ಅದಾದ ಮೇಲೆ ಮುಗಿಸುವ ದಿನ ಎಂದು ಯಾವುದೂ ಇಲ್ಲ. ‘ಯಾರೂ ಇಲ್ಲ’ ಅಂದೆ. ಆಗ್ನೆಸ್ ಎದ್ದು ಪಡಸಾಲೆಯಿಂದ ಕೆಳಗಿಳಿದರು. ಮೆಟ್ಟಿಲ ಪಕ್ಕದ ಗಿಡದಿಂದ ಹಳದಿ ಹೂವೊಂದನ್ನು ಕಿತ್ತು ತಂದರು, ಗ್ರೇಸ್‌ಗೂ ಅದರ ಹೆಸರು ಗೊತ್ತಿರಲಿಲ್ಲ. ನನ್ನ ತಲೆಯನ್ನು ತಮ್ಮ ಕಡೆ ಬಾಗಿಸಿಕೊಂಡು ತುರುಬಿಗೆ ಮುಡಿಸಿದರು. ನನ್ನ ಕೈ ತಾನಾಗಿಯೇ ಅದನ್ನು ತೆಗೆಯಲು ಮೇಲೆ ಹೋಯಿತು. ಅವರು ಆ ಕೈ ಹಿಡಿದು ಕೆಳಗಿಟ್ಟರು.

ಅವ್ವನಿಗೆ ಸುದ್ದಿ ಹೇಳಬೇಕಿತ್ತು. ವಿಡಿಯೋ ಕಾಲ್ ಮಾಡಿದೆ, ತಲೆಯ ಮೇಲಿನದು ಮರೆತೇಹೋಗಿತ್ತು. ಶಿವಣ್ಣ ಎತ್ತಿದ. ನನ್ನ ಮುಖ ನೋಡಿದ, ತಲೆ ನೋಡಿದ. ‘ಅವ್ವಂಗೆ ಕೊಡ್ತೀನಿ ತಡಿ’ ಅಂದ.

‘ಆಯ್ತಾ?’ ಅಂದಳು ಅವ್ವ.

‘ಆಯ್ತು ಕಣವ್ವ. ನಾನೇ ಕುಯ್ದೆ. ಆಯಮ್ಮ ಮೀನು ಉಂಡ್ರು.’

‘ಉಣ್ಲಿ ಉಣ್ಲಿ.’ ಅವ್ವ ಫೋನನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡಳು. ಪರದೆಯ ತುಂಬ ಅವಳ ಒಂದು ಕಣ್ಣು, ಅರ್ಧ ಹಣೆ. ‘ಅದೇನು ತಲೇಲಿ? ಅರಿಸ್ಣದ ಬಣ್ಣ?’

‘ಹೂವ ಕಣವ್ವ. ಗಿಡ್ಡಣ್ಣನ ಹೆಂಡ್ರು ಮುಡಿಸಿದ್ರು.’

ನಾನು ಬೈಗುಳಕ್ಕೆ ಕಾದೆ. ಆ ಕಡೆ ಶಿವಣ್ಣನ ಹಸು ಕೂಗಿದ್ದು ಕೇಳಿಸಿತು.

‘ವಾಸ್ನೆ ಐತಾ?’ ಅಂದಳು.

ಹೂವು ತೆಗೆದು ಮೂಸಿ ನೋಡಿದೆ. ‘ಐತೆ ಕಣವ್ವ. ಒಸಿ ಐತೆ.’

‘ಹತ್ರ ಹಿಡಿ.’

ಫೋನಿಗೆ ಹಿಡಿದೆ. ಅವ್ವ ಕಣ್ಣು ಮುಚ್ಚಿಕೊಂಡಳು. ‘ಇನ್ನೊಸಿ ಹತ್ರ’ ಅಂದಳು.